ಬಿರುದುಗಳ ಲೆಕ್ಕ ಕೇಳುತ್ತಿದ್ದ ಮೇಷ್ಟ್ರು

ಕೋಲಾರದ ನಮ್ಮ ಮಿಷನ್ ಶಾಲೆಯಲ್ಲಿ ಓದಿದವರಿಗೆ ವಾರಕ್ಕೊಮ್ಮೆ ನಡೆಯುತ್ತಿದ್ದ ನೀತಿಬೋಧೆಯ ತರಗತಿ ನೆನಪಿರಬಹುದು. ಪರೀಕ್ಷೆಗೆ ಬಾರದ ಪಾಠವಾದ್ದರಿಂದ ಬಹಳ ಮಂದಿಗೆ ಅದು ವಿರಾಮದ ಹೊತ್ತಾಗಿತ್ತು. ಕ್ರೈಸ್ತ ಮನೆಯವನಲ್ಲದ ನನ್ನನ್ನು ಆ ತರಗತಿ ಹಿಡಿದು ಕೂರಿಸಿದ್ದಕ್ಕೆ ಕಾರಣ, ಅದನ್ನು ನಡೆಸುತ್ತಿದ್ದ ಮೇಷ್ಟ್ರು ಬೋಧಿಸುವುದಕ್ಕಿಂತ ಹೆಚ್ಚಾಗಿ ಓದುವುದನ್ನು ಕಲಿಸುತ್ತಿದ್ದರು.

ಯೇಸುವನ್ನು ಚಿನ್ನದ ಗಣಿಯ ಕಡೆಯ ತಮಿಳು ಹುಡುಗರು ‘ಯೇಸಪ್ಪಾ’ ಎಂದರೆ ತೆಲುಗು ಮನೆಗಳವರು ‘ಯೇಸಯ್ಯಾ’ ಎನ್ನುತ್ತಿದ್ದರು. ಕನ್ನಡದ ಪ್ರಾರ್ಥನೆಯಲ್ಲಿ ‘ಕರ್ತನೇ’ ಎಂದು ಬರುತ್ತಿತ್ತು. ಮನೆಯಲ್ಲಿ ವಿಷ್ಣುಸಹಸ್ರನಾಮ ಕೇಳಿ ಬೆಳೆದ ನಾನು, “ಸಾರ್, ನಿಮ್ಮಲ್ಲೂ ಸಹಸ್ರನಾಮ ಇದೆಯಾ?” ಎಂದು ಕೇಳಿದೆ. ಅವರು ನಕ್ಕು, “ಜಪಿಸುವುದಕ್ಕೆ ಬೇಕಾದಷ್ಟಿವೆ. ಆದರೆ ಪ್ರತಿ ಹೆಸರಿಗೂ, ಯಾರು ಕರೆದರು, ಯಾರ ಮುಂದೆ ಕರೆದರು ಅನ್ನೋ ಲೆಕ್ಕ ಕೊಡಬೇಕಪ್ಪ” ಎಂದರು.

ಆ ಲೆಕ್ಕಕ್ಕೆ ಅವರು ಆರಿಸಿಕೊಂಡದ್ದು ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆ. ಅದರ ಎಂಟನೆಯ ಅಧ್ಯಾಯದಲ್ಲಿ ಶಿಷ್ಯನಾದ ಪೇತ್ರನು ಯೇಸುವಿಗೆ “ನೀನು ಕ್ರಿಸ್ತನು” ಎನ್ನುತ್ತಾನೆ. ಕ್ರಿಸ್ತನೆಂದರೆ ಅಭಿಷಿಕ್ತ, ಇಸ್ರಾಯೇಲಿನ ಅರಸರನ್ನೂ ಯಾಜಕರನ್ನೂ ತಲೆಗೆ ಎಣ್ಣೆ ಹೊಯ್ದು ಪದವಿಗೆ ಏರಿಸುತ್ತಿದ್ದ ವಾಡಿಕೆಯಿಂದ ಬಂದ ಬಿರುದು ಅದು. ರೋಮಿನ ಆಳ್ವಿಕೆಯಲ್ಲಿ ನಲುಗುತ್ತಿದ್ದ ಜನಕ್ಕೆ ಆ ಬಿರುದಿನಲ್ಲಿ ಸಿಂಹಾಸನವೇ ಕಾಣುತ್ತಿದ್ದಿರಬೇಕು. ಯೇಸುವಾದರೋ ಅದನ್ನು ಯಾರಿಗೂ ಹೇಳಕೂಡದೆಂದು ಖಂಡಿತವಾಗಿ ಅಪ್ಪಣೆ ಮಾಡಿ, ಕೂಡಲೇ ತನ್ನನ್ನು ‘ಮನುಷ್ಯಕುಮಾರ’ನೆಂದು ಕರೆದುಕೊಂಡು, ತಾನು ಕಷ್ಟಪಟ್ಟು ಕೊಲ್ಲಲ್ಪಡಬೇಕೆಂದು ಹೇಳುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿಯೂ ಈ ಹೆಸರು ಹೆಚ್ಚುಕಡಿಮೆ ಅವನ ಬಾಯಿಂದಲೇ ಬರುತ್ತದೆ. ಕೇಳಲು ತೀರ ಸಾಧಾರಣವಾದ ಈ ಹೆಸರು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಮೇಘಗಳೊಂದಿಗೆ ಬಂದು ಶಾಶ್ವತ ಆಳ್ವಿಕೆಯನ್ನು ಪಡೆಯುವವನ ವರ್ಣನೆಯಲ್ಲಿಯೂ ಇದೆ. ಮಹಾಯಾಜಕನ ಮುಂದೆ ನಡೆದ ತನ್ನ ವಿಚಾರಣೆಯಲ್ಲಿ ಯೇಸು ಆ ಮೇಘಗಳ ಮಾತನ್ನೇ ಎತ್ತುತ್ತಾನೆ. ದೇವದೂಷಣೆಯ ಆರೋಪ ಬರುವುದೂ ಅಲ್ಲಿಯೇ. ಇಮ್ಮಾನುವೇಲ್, ದೇವರ ಕುರಿಮರಿ ಮುಂತಾದ, ಕ್ರಿಸ್‌ಮಸ್ ಗೀತೆಗಳಲ್ಲಿ ನಮಗೆ ಪರಿಚಿತವಾಗಿದ್ದ ಹೆಸರುಗಳ ಮೇಲೆ ಅವರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

‘ದೇವಕುಮಾರ’ ಎಂಬ ಬಿರುದಿಗೆ ಬಂದಾಗ ಇತಿಹಾಸದ ಪಾಠವೇ ನಡೆಯಿತು. ರೋಮಿನ ಚಕ್ರವರ್ತಿ ತಿಬೇರಿಯನ ದಿನಾರಿ ನಾಣ್ಯದ ಮೇಲೆ ಅವನನ್ನು ದೈವೀಕ ಅಗಸ್ಟಸನ ಮಗನೆಂದು ಕೆತ್ತಲಾಗಿತ್ತು. ಅಂಥ ಕಾಲದಲ್ಲಿ, ಮಾರ್ಕನ ಹದಿನೈದನೆಯ ಅಧ್ಯಾಯದಲ್ಲಿ, ಆ ಚಕ್ರವರ್ತಿಯ ಸಂಬಳ ತಿನ್ನುವ ಶತಾಧಿಪತಿಯೊಬ್ಬನು, ಅಂದರೆ ರೋಮನ್ ಸೇನೆಯ ಅಧಿಕಾರಿಯೊಬ್ಬನು, ಶಿಲುಬೆಯ ಮೇಲೆ ಸತ್ತವನನ್ನು ನೋಡಿ, ಈ ಮನುಷ್ಯನು ನಿಜವಾಗಿ ದೇವಕುಮಾರನೆನ್ನುತ್ತಾನೆ. ಮಾರ್ಕನ ಗ್ರಂಥದಲ್ಲಿ ಈ ಬಿರುದನ್ನು ಒಪ್ಪಿ ನುಡಿಯುವ ಮನುಷ್ಯನು ಇವನೊಬ್ಬನೇ. ಅದಕ್ಕೆ ಮುಂಚೆ ಹಾಗೆ ಕರೆದದ್ದು ಆಕಾಶವಾಣಿ ಮತ್ತು ದೆವ್ವಗಳು. ಶಿಷ್ಯರು ಅಷ್ಟರಲ್ಲಿ ಓಡಿಹೋಗಿರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟ್ರ ಮಾತು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ರೋಮನ್ ಅಧಿಪತಿ ಪಿಲಾತನು ಶಿಲುಬೆಯ ಮೇಲೆ ಹಚ್ಚಿಸಿದ ‘ಯೆಹೂದ್ಯರ ಅರಸನು’ ಎಂಬ ಬರಹವನ್ನು ಅವರು ಅಣಕವೆಂದು ಬದಿಗಿಟ್ಟರು. ಬಿರುದುಗಳ ಸಾಲಿಗೆ ಸೇರಿಸಲಿಲ್ಲ. ಆದರೆ ಯೋಹಾನನ ಸುವಾರ್ತೆಯ ಪ್ರಕಾರ ಅದು ಇಬ್ರಿಯ, ಲ್ಯಾಟಿನ್, ಗ್ರೀಕ್ ಈ ಮೂರು ಭಾಷೆಗಳಲ್ಲಿಯೂ ಇತ್ತು. ‘ತಾನು ಅರಸನೆಂದು ಹೇಳಿಕೊಂಡನು’ ಎಂದು ತಿದ್ದಿ ಬರೆಯಬೇಕೆಂದು ಮಹಾಯಾಜಕರು ಕೇಳಿದಾಗ ಪಿಲಾತನು, ಬರೆದದ್ದು ಬರೆದಾಯಿತೆಂದು ಹೇಳಿಬಿಟ್ಟನು. ಯಾರು, ಯಾರ ಮುಂದೆ ಎಂದು ಕೇಳಲು ಕಲಿಸಿದ್ದು ಮೇಷ್ಟ್ರೇ ಅಲ್ಲವೇ? ಮರಣದಂಡನೆ ವಿಧಿಸಿದವನೇ ಊರಿಗೆಲ್ಲ ಓದಲು ತೂಗುಹಾಕಿ, ಹಿಂತೆಗೆದುಕೊಳ್ಳಲು ಒಪ್ಪದ ಬಿರುದನ್ನು, ಅಣಕವೆಂಬ ಕಾರಣಕ್ಕೆ ಲೆಕ್ಕದಿಂದ ಬಿಡುವುದು ಅವರ ಸೂತ್ರಕ್ಕೇ ಹೊಂದುವುದಿಲ್ಲ.