ಪರ್ತ್ ಬಿಸಿಲಲ್ಲಿ ಕೂತು ಲ್ಯಾಂಕಶೈರ್ ಮಳೆ ನೆನೆಸಿಕೊಳ್ಳೋರು

ಆಸ್ಟ್ರೇಲಿಯಾಗೆ ಬಂದ ಮೇಲೆ ನಾನು ಕಾಂಗರೂ, ಸಮುದ್ರ, ಇಲ್ಲಿನ ಜೀವನ ಅಂತೆಲ್ಲ ಬರೀತೀನಿ ಅಂತ ಊರಲ್ಲಿ ಕಾಯ್ತಿದ್ರು. ಆದ್ರೆ ನಿಜ ಹೇಳ್ಬೇಕಂದ್ರೆ ಇಲ್ಲಿ ನಾನು ಜಾಸ್ತಿ ತಿಳ್ಕೊಂಡಿದ್ದು ಉತ್ತರ ಇಂಗ್ಲೆಂಡ್ ಬಗ್ಗೆ. ನಾವಿರೋದು ಪರ್ತ್‌ನ ಉತ್ತರಕ್ಕೆ, ಜೂಂಡಲಪ್ ಕಡೆ, ಇಲ್ಲಿ ಯಾವ ಬೀದಿಗೆ ಹೋದ್ರೂ ಇಂಗ್ಲೆಂಡ್‌ನಲ್ಲಿ ಹುಟ್ಟಿದೋರು ಸಿಕ್ಕೇ ಸಿಗ್ತಾರೆ. ನಮ್ಮ ಪಕ್ಕದ ಮನೆ ಅಜ್ಜಿ ಬೋಲ್ಟನ್‌ನೋರು, ಮ್ಯಾಂಚೆಸ್ಟರ್ ಹತ್ರ, ಲ್ಯಾಂಕಶೈರ್ ಸೀಮೆಯಲ್ಲಿ ಹತ್ತಿ ಗಿರಣಿಗಳ ಊರಾಗಿತ್ತು ಅದು. ತಾತ ಬಾರ್ನ್‌ಸ್ಲಿಯೋರು, ಅದು ಯಾರ್ಕ್‌ಶೈರ್‌ನ ಕಲ್ಲಿದ್ದಲು ಗಣಿ ಊರಾಗಿತ್ತು. ಇಬ್ಬರೂ ಬೇರೆ ಬೇರೆ ಹಡಗಲ್ಲಿ ಬಂದು ಫ್ರೀಮ್ಯಾಂಟಲ್ ಬಂದರಲ್ಲಿ ಇಳಿದೋರು, ಪರಿಚಯ ಆಗಿ ಮದುವೆ ಆಗಿದ್ದು ಇಲ್ಲೇ.

ಇವ್ರನ್ನ ಇಲ್ಲಿಯ ಜನ ಹತ್ತು ಪೌಂಡಿನೋರು ಅಂತಾನೇ ಗುರುತಿಸೋದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾಗೆ ಜನ ಬೇಕಿತ್ತು, 1945ರಲ್ಲಿ ಒಂದು ಯೋಜನೆ ಶುರು ಮಾಡಿದ್ರು, ಬ್ರಿಟನ್‌ನಿಂದ ಬರೋ ದೊಡ್ಡೋರಿಗೆ ಹಡಗಿನ ಚಾರ್ಜು ಬರೀ 10 ಪೌಂಡ್, ಮಕ್ಕಳಿಗೆ ಫ್ರೀ. ಷರತ್ತು ಏನಂದ್ರೆ ಎರಡು ವರ್ಷ ಇರಲೇಬೇಕು, ಅದಕ್ಕಿಂತ ಮುಂಚೆ ವಾಪಸ್ ಹೋಗ್ತೀನಿ ಅಂದ್ರೆ ಬಂದ ಖರ್ಚೂ ಪೂರ್ತಿ ಕಟ್ಟಬೇಕು, ಹೋಗೋ ಖರ್ಚೂ ನಿಮ್ಮದೇ. ಹೀಗೆ 10 ಲಕ್ಷಕ್ಕೂ ಹೆಚ್ಚು ಜನ ಬಂದ್ರು. ಪೋಸ್ಟರ್‌ಗಳಲ್ಲೆಲ್ಲ ಬಿಸಿಲು, ಬೀಚು, ನಗ್ತಾ ಇರೋ ಸಂಸಾರ. ಮನೆ ಒಳಗೆ ಗೋಡೆ ಜಿನುಗೋ ಊರಲ್ಲಿ ಕೂತು ಅದನ್ನ ನೋಡಿದ್ರೆ ಯಾರಿಗೆ ಆಸೆ ಆಗಲ್ಲ ಹೇಳಿ. ಬಿಸಿಲಿಗೆ ಅಂತಾನೇ ಬಂದೋರು ಇವರು, ಆದ್ರೆ ನಾಲ್ಕು ಜನ ಸೇರಿದ್ರೆ ಸಾಕು ಮಾತು ತಿರುಗೋದು ಮಳೆಗೇ, ಮಳೆಯಿಂದ ನೇರ ಊಟಕ್ಕೆ.

ನಾನು ತೀರ್ಥಹಳ್ಳಿ ಕಡೆಯೋಳು, ಮಳೆ ವಿಷ್ಯ ಬಂದ್ರೆ ಸುಮ್ನೆ ಕೂರೋಕೆ ಆಗಲ್ಲ. ನಮ್ಮ ಆಗುಂಬೆ ಮಳೆ ಮುಂದೆ ನಿಮ್ಮದೇನು ಅಂತ ಶುರು ಮಾಡಿದ್ರೆ ತಾತ ಲೆಕ್ಕ ತೆಗೀತಾರೆ. ಮ್ಯಾಂಚೆಸ್ಟರ್‌ನಲ್ಲಿ ವರ್ಷಕ್ಕೆ ಬೀಳೋದು 800 ಮಿಲಿಮೀಟರ್ ಮೇಲೆ ಸ್ವಲ್ಪ ಅಷ್ಟೇ, ನಮ್ಮ ಬೆಂಗಳೂರಿಗೇ ಅದಕ್ಕಿಂತ ಜಾಸ್ತಿ ಬೀಳತ್ತೆ, ಆಗುಂಬೆಗೆ 7,000ಕ್ಕೂ ಮೇಲೆ. ಆದ್ರೆ ನಮ್ಮ ಮಳೆ ಜೂನ್‌ನಲ್ಲಿ ಬಂದು ಸುರಿದು ಹೋಗತ್ತೆ, ದೀಪಾವಳಿ ಹೊತ್ತಿಗೆ ಆಕಾಶ ತಿಳಿಯಾಗತ್ತೆ. ಅವರದ್ದು ಹಾಗಲ್ಲ, ವರ್ಷಪೂರ್ತಿ, ಯಾವ ತಿಂಗಳು ಅಂತಿಲ್ಲ, ಜಿಟಿಜಿಟಿ ಜಿಟಿಜಿಟಿ. ಅಟ್ಲಾಂಟಿಕ್ ಕಡೆಯಿಂದ ಬರೋ ಗಾಳಿ ಪೆನೈನ್ ಬೆಟ್ಟಸಾಲಿಗೆ ಬಡಿದು ಪಶ್ಚಿಮಕ್ಕಿರೋ ಲ್ಯಾಂಕಶೈರ್ ಕಡೆ ಇಳಿದುಬಿಡತ್ತೆ, ನಮ್ಮ ಘಟ್ಟದ ಥರಾನೇ. ಲ್ಯಾಂಕಶೈರ್‌ನಲ್ಲಿ ಹತ್ತಿ ಗಿರಣಿ ಬೆಳೆಯೋಕೆ ಈ ತೇವಾಂಶವೂ ಒಂದು ಕಾರಣ, ಒಣ ಗಾಳಿಯಲ್ಲಿ ನೂಲು ಪಟಪಟ ತುಂಡಾಗತ್ತೆ, ಹಸಿ ಗಾಳಿಯಲ್ಲಿ ಆಗಲ್ಲ. ಅಜ್ಜಿಯ ಅಮ್ಮ ಗಿರಣಿಯಲ್ಲೇ ಕೆಲಸ ಮಾಡಿದೋರು. ಅಲ್ಲಿ ಮಗ್ಗದ ಸದ್ದಿಗೆ ಕಿವಿ ಕೇಳ್ತಿರಲಿಲ್ಲವಂತೆ, ಹೆಂಗಸರೆಲ್ಲ ಒಬ್ಬರ ತುಟಿ ಒಬ್ಬರು ನೋಡ್ಕೊಂಡೇ ಮಾತಾಡೋರು, ಆ ಅಭ್ಯಾಸಕ್ಕೆ ಅವರಮ್ಮ ಮನೇಲೂ ಬಾಯಿ ದೊಡ್ಡದಾಗಿ ಆಡಿಸ್ಕೊಂಡೇ ಮಾತಾಡ್ತಿದ್ರಂತೆ.

ಇದೆಲ್ಲ ಕೇಳ್ತಾ ಕೇಳ್ತಾ ನನಗೆ ಅನ್ಸಿದ್ದು, ಅವರ ಅಡುಗೆ ಅಷ್ಟೂ ಆ ಹವೆಗೆ, ಆ ದುಡಿಮೆಗೆ ಹುಟ್ಟಿದ್ದು ಅಂತ. ಇಂಗ್ಲಿಷರ ಅಡುಗೆ ಸಪ್ಪೆ, ರುಚಿ ಇಲ್ಲ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ, ನನಗೆ ಈಗ ಹಾಗೆ ಹೇಳೋರನ್ನ ಕಂಡ್ರೆ ಬೇಜಾರಾಗತ್ತೆ. ಲ್ಯಾಂಕಶೈರ್ ಹಾಟ್‌ಪಾಟ್ ತಗೊಳ್ಳಿ. ಆಳವಾದ ಮಣ್ಣಿನ ಪಾತ್ರೆ, ತಳಕ್ಕೆ ಕುರಿಯ ಕುತ್ತಿಗೆ ಭಾಗದ ಮಾಂಸ, ಅದು ಅಗ್ಗ, ಗಟ್ಟಿ, ಮೇಲೆ ಈರುಳ್ಳಿ, ಉಪ್ಪು, ಮೆಣಸು, ಒಂಚೂರು ನೀರು, ಅದರ ಮೇಲೆ ಆಲೂಗಡ್ಡೆ ಬಿಲ್ಲೆಗಳನ್ನ ಒಂದರ ಅಂಚಿನ ಮೇಲೊಂದು ಬರೋ ಹಾಗೆ ಸುತ್ತಲೂ ಜೋಡಿಸಿ ಸಣ್ಣ ಉರಿಯ ಓವನ್‌ಗೆ ಇಟ್ರೆ ಆಯ್ತು, ಗಂಟೆಗಟ್ಟಲೆ ಯಾರೂ ಮುಟ್ಟೋ ಹಾಗಿಲ್ಲ. ಮನೆಯ ಹೆಂಗಸೂ ದುಡಿಯೋಕೆ ಹೋಗೋ ಊರಲ್ಲಿ ಇದಕ್ಕಿಂತ ಒಳ್ಳೆ ಅಡುಗೆ ಇನ್ನೇನಿದೆ? ಸಂಜೆ ಒದ್ದೆ ಆಗಿ ಬಂದು ಮುಚ್ಚಳ ತೆಗೆದ್ರೆ ಮಾಂಸ ಮೂಳೆ ಬಿಟ್ಟಿರತ್ತೆ, ಕೆಳಗಿನ ಆಲೂಗಡ್ಡೆ ರಸ ಹೀರಿ ಮೆತ್ತಗಾಗಿರತ್ತೆ, ಆಮೇಲೆ ಮುಚ್ಚಳ ಇಲ್ಲದೆ ಸ್ವಲ್ಪ ಹೊತ್ತು ಇಟ್ರೆ ಮೇಲಿನದ್ದು ಕೆಂಪಗೆ ಗರಿಗರಿ. ಜೊತೆಗೆ ವಿನೆಗರ್‌ನಲ್ಲಿ ನೆನೆಸಿದ ಕೆಂಪು ಕೋಸು. ಆ ಹುಳಿ ಇಲ್ದೆ ಅಜ್ಜಿ ಹಾಟ್‌ಪಾಟ್ ಬಡಿಸೋದೇ ಇಲ್ಲ.

ಬಟಾಣಿದೂ ಅಷ್ಟೇ. ಒಣ ಬಟಾಣಿನ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿ ಬೆಳಿಗ್ಗೆ ಬೇಯಿಸಿ ಮುದ್ದೆ ಥರ ಮಾಡ್ತಾರೆ, ಮೀನು ಚಿಪ್ಸ್ ಜೊತೆ. ಕಾಳು ನೆನೆಹಾಕೋದು ನಮಗೇನು ಹೊಸದಾ.

ತಾತನ ಹೆಮ್ಮೆ ಯಾರ್ಕ್‌ಶೈರ್ ಪುಡ್ಡಿಂಗ್, ಭಾನುವಾರ ಅದು ಅವರದ್ದೇ ಕೆಲಸ. ಹೆಸರು ಪುಡ್ಡಿಂಗ್ ಆದ್ರೂ ಸಿಹಿ ಅಲ್ಲ, ಮೈದಾ, ಮೊಟ್ಟೆ, ಹಾಲು ಕಲಸಿದ ತೆಳು ಹಿಟ್ಟು. ಗುಟ್ಟೆಲ್ಲ ಕೊಬ್ಬು ಕಾಯಿಸೋದ್ರಲ್ಲಿದೆ, ತಟ್ಟೆಯಲ್ಲಿ ಹೊಗೆ ಏಳಬೇಕು, ಹಿಟ್ಟು ಹುಯ್ದ ತಕ್ಷಣ ಚುಂಯ್ ಅನ್ಬೇಕು, ಆಮೇಲೆ ಓವನ್ ಬಾಗಿಲು ತೆಗೆದ್ರೋ ಉಬ್ಬಿದ್ದೆಲ್ಲ ಕೂತುಬಿಡತ್ತೆ. ದನದ ಕೊಬ್ಬಲ್ಲೇ ಮಾಡೋದು ಸಂಪ್ರದಾಯ, ನಾವು ಹೋದಾಗ ನಮಗೆ ಅಂತ ಎಣ್ಣೆಯಲ್ಲಿ ಬೇರೆ ಮಾಡ್ತಾರೆ, ಕೇಳದೆನೇ. ಅವರ ಚಿಕ್ಕಂದಿನಲ್ಲಿ ಇದನ್ನ ಗ್ರೇವಿ ಹಾಕಿ ಮೊದಲೇ ಬಡಿಸಿಬಿಡ್ತಿದ್ರಂತೆ, ಹೊಟ್ಟೆ ಅರ್ಧ ತುಂಬಿದ್ರೆ ಆಮೇಲೆ ಸ್ವಲ್ಪ ಮಾಂಸ ಸಾಕಾಗತ್ತೆ ಅಂತ. ಅವರಪ್ಪ ಗಣಿಯೋರು, ಗಣಿಯಿಂದ ಮನೆಗೆ ಕಲ್ಲಿದ್ದಲು ಕೊಡ್ತಿದ್ರು, ಲಾರಿಯೋನು ಬಾಗಿಲ ಮುಂದೆ ರಸ್ತೇಲೇ ಸುರಿದು ಹೋಗೋನು, ಮಳೆ ಬರ್ತಿದ್ರೂ ಸಲಿಕೆ ಹಿಡಿದು ಒಳಗೆ ಹಾಕೋದು ಮಕ್ಕಳ ಕೆಲಸ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆ ಒಳಗೆ ಸೂರ್ಯ ಮುಳುಗೋ ಊರಲ್ಲಿ ಆ ಬೆಂಕಿ ಮುಂದೆ ಇಡೀ ಸಂಸಾರ.

ಅಜ್ಜಿ ಹೇಳಿದ್ದರಲ್ಲಿ ನನಗೆ ತುಂಬ ಹತ್ರ ಆಗಿದ್ದು ಹೊಸಿಲಿನ ವಿಷ್ಯ. ಸಾಲುಮನೆಗಳ ಹೆಂಗಸರು ಬೆಳಿಗ್ಗೆ ಮಂಡಿಯೂರಿ ಬಾಗಿಲ ಕಲ್ಲು ಮೆಟ್ಟಿಲು ತೊಳೆದು ಅಂಚಿಗೆ ಬಣ್ಣದ ಕಲ್ಲು ಉಜ್ಜಿ ಗೆರೆ ಎಳೀತಿದ್ರಂತೆ, ಬಿಳಿ ಇಲ್ಲಾ ಕೆನೆ ಬಣ್ಣ. ಹಳೇ ಬಟ್ಟೆ ಕೊಟ್ರೆ ಗಾಡಿಯೋನು ಆ ಕಲ್ಲು ಕೊಡೋನು, ನಮ್ಮ ಕಡೆ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡೋ ಹಾಗೆ. ಗಿರಣಿ ಹೊಗೆ, ಮಸಿ, ಮಳೆ, ಮಧ್ಯಾಹ್ನದೊಳಗೆ ಮತ್ತೆ ಕೊಳೆ ಆಗತ್ತೆ ಅಂತ ಗೊತ್ತಿದ್ರೂ ದಿನಾ ಉಜ್ಜೋದೇ. ನಾನು ಫೋನಲ್ಲಿ ಅಮ್ಮ ಹಾಕಿದ ರಂಗೋಲಿ ತೋರಿಸ್ದೆ, ಅಜ್ಜಿ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ರು.

ನವೆಂಬರ್ 5 ಅವರಿಗೆ ಬೆಂಕಿ ಹಬ್ಬ. 1605ರಲ್ಲಿ ಪಾರ್ಲಿಮೆಂಟ್‌ಗೆ ಸಿಡಿಮದ್ದು ಇಡೋಕೆ ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸ್ ಯಾರ್ಕ್‌ನಲ್ಲೇ ಹುಟ್ಟಿದೋನು, ಆ ಸಂಚು ಮುರಿದ ನೆನಪಿಗೇ ಈ ಹಬ್ಬ. ಚಳಿಯಲ್ಲಿ ದೊಡ್ಡ ಬೆಂಕಿ, ಪಟಾಕಿ, ಕೈಯಲ್ಲಿ ಪಾರ್ಕಿನ್, ಓಟ್ಸ್ ಹಿಟ್ಟು, ಶುಂಠಿ ಪುಡಿ, ಟ್ರೀಕಲ್ ಅನ್ನೋ ಕಪ್ಪು ಕಾಕಂಬಿ ಹಾಕಿ ಮಾಡೋ ಕೇಕು. ಇಲ್ಲಿ ಆ ಹೊತ್ತಿಗೆ ಬೇಸಿಗೆ ಹತ್ರ ಬಂದಿರತ್ತೆ, ಕಾಡ್ಗಿಚ್ಚಿನ ಭಯ, ಬೆಂಕಿಯೂ ಇಲ್ಲ ಪಟಾಕಿಯೂ ಇಲ್ಲ, ನಮ್ಮ ದೀಪಾವಳಿಗೂ ಅದೇ ಗತಿ. ಒಂದು ವರ್ಷ ಅಜ್ಜಿ ಹತ್ರ ಟ್ರೀಕಲ್ ಖಾಲಿ ಆಗಿತ್ತು. ಡಬ್ಬಿ ತಳ ನೋಡಿದ್ರೆ ಥೇಟ್ ನಮ್ಮ ಜೋನಿ ಬೆಲ್ಲ. ಇಂಡಿಯನ್ ಅಂಗಡಿಯಿಂದ ತಂದಿದ್ದ ಕಪ್ಪು ಬೆಲ್ಲ ಒಂಚೂರು ನೀರು ಹಾಕಿ ಕರಗಿಸಿ ಸೋಸಿ ಕೊಟ್ಟೆ. ಪಾರ್ಕಿನ್‌ನ ಮಾಡಿದ ದಿನ ತಿನ್ನಬಾರದು, ಡಬ್ಬಿಯಲ್ಲಿ ಮುಚ್ಚಿ ಕೆಲವು ದಿನ ಬಿಟ್ರೆ ಮೆತ್ತಗಾಗಿ ಅಂಟು ಬರತ್ತೆ. ಡಬ್ಬಿ ತೆಗೆದಾಗ ಶುಂಠಿ ಬೆಲ್ಲದ ವಾಸನೆ ನಮ್ಮ ಅಡುಗೆಮನೆವರೆಗೂ ಬಂತು. ಈಗ ಪ್ರತಿವರ್ಷ ಅವರಿಗೆ ಬೆಲ್ಲವೇ ಬೇಕು.

ಅಜ್ಜಿ ಒಂದ್ಸಲ ಬೋಲ್ಟನ್‌ಗೆ ಹೋಗಿಬಂದ್ರು. ಗಿರಣಿಗಳು ಮುಚ್ಚಿ ಎಷ್ಟೋ ಕಾಲ ಆಗಿದೆ, ಕೆಲವು ಫ್ಲ್ಯಾಟ್ ಆಗಿವೆ. ಅವರ ಬೀದಿಯಲ್ಲಿ ಗುಜರಾತಿ ಮನೆಗಳು, ಸಮೋಸ ಅಂಗಡಿ. ನಾನು ಬೇಜಾರಾಯ್ತಾ ಅಂದ್ರೆ, "ಇಲ್ಲಮ್ಮ, ಓವನ್ ವಾಸನೆ ಬೀದಿವರೆಗೂ ಬರ್ತಿತ್ತು, ನಂಗೆ ಅಷ್ಟು ಸಾಕಾಯ್ತು" ಅಂದ್ರು.

ಇಲ್ಲಿ ಕ್ರಿಸ್ಮಸ್ ಬರೋದು ಉರಿಬೇಸಿಗೆಯಲ್ಲಿ, 2021ರಲ್ಲಿ ಅವತ್ತು ಪರ್ತ್‌ನಲ್ಲಿ 42 ಡಿಗ್ರಿ ದಾಟಿತ್ತು, ಓವನ್ ಹಚ್ಚೋದು ಹಿಂಸೆ, ರೋಸ್ಟ್ ಯಾರಿಗೂ ಗಂಟಲಲ್ಲಿ ಇಳಿಯಲ್ಲ. ಅದಕ್ಕೇ ಆಸ್ಟ್ರೇಲಿಯಾದಲ್ಲಿ ಎಷ್ಟೋ ಜನ ಜುಲೈನಲ್ಲಿ ಇನ್ನೊಂದು ಕ್ರಿಸ್ಮಸ್ ಊಟ ಮಾಡ್ತಾರೆ, ಪರ್ತ್‌ಗೆ ಮಳೆ ಚಳಿ ಎರಡೂ ಬರೋದು ಆಗಲೇ. ನಮ್ಮ ಬೀದಿಯೋರೂ ಸೇರ್ತೀವಿ, ಅಜ್ಜಿ ಹಾಟ್‌ಪಾಟ್, ತಾತನ ಪುಡ್ಡಿಂಗ್, ನನ್ನದು ಅಕ್ಕಿ ಕಡುಬು ಮತ್ತೆ ಏಡಿ ಸಾರು, ಊರಲ್ಲಿ ಮಳೆಗಾಲಕ್ಕೆ ಮಾಡೋ ಹಾಗೇ ಖಾರ ಕಮ್ಮಿ ಮಾಡದೆ. ಇಲ್ಲಿ ಸಿಗೋದು ಸಮುದ್ರದ ನೀಲಿ ಏಡಿ, ಗದ್ದೆ ಏಡಿ ಅಲ್ಲ, ರುಚಿ ಸ್ವಲ್ಪ ಸಿಹಿ. ಹೋದ ಸಲ ತಾತ ಕಡುಬು ಬಿಟ್ಟು ಪುಡ್ಡಿಂಗ್ ಮಧ್ಯದ ಗುಂಡಿ ತುಂಬ ಏಡಿ ಸಾರು ಹುಯ್ಕೊಂಡು ತಿಂದ್ರು. ಈ ಜುಲೈಗೂ ಅದನ್ನೇ ಮಾಡ್ಬೇಕಂತೆ, ಪಾತ್ರೆ ಮಾತ್ರ ಇನ್ನೂ ದೊಡ್ಡದು ಇಡು ಅಂತ ಈಗಲೇ ಹೇಳಿಟ್ಟಿದ್ದಾರೆ.