ಪೈಪು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು?

ಮಳೆನೀರಿನ ಚರಂಡಿಗಳ ಡಿಸೈನ್ ನನ್ನ ಕೆಲಸ. ಹೊಸ ಬಡಾವಣೆ ಇರಲಿ, ಪದೇ ಪದೇ ಮುಳುಗುವ ಹಳೆ ರಸ್ತೆ ಇರಲಿ, ಮೀಟಿಂಗ್‌ನಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಎಷ್ಟು ದೊಡ್ಡ ಪೈಪು ಹಾಕಬೇಕು?" ಅದಕ್ಕಿಂತ ಮುಂಚೆ ಇನ್ನೊಂದನ್ನು ಕೇಳಬೇಕು ಅನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ. ಪೈಪು ತುಂಬಿದ ಮೇಲೂ ಬರುವ ನೀರು ಯಾವ ದಾರಿಯಲ್ಲಿ ಹೋಗುತ್ತದೆ?

ಪೈಪು ಒಂದಲ್ಲ ಒಂದು ದಿನ ತುಂಬಿಯೇ ತುಂಬುತ್ತದೆ. ಎಂಥ ಮಳೆ ಬಂದರೂ ಸಾಲುವಂಥ ಚರಂಡಿಯನ್ನು ಯಾವ ಊರೂ ಕಟ್ಟುವುದಿಲ್ಲ. ಎರಡು, ಐದು, ಹತ್ತು ವರ್ಷಕ್ಕೊಮ್ಮೆ ಬರಬಹುದಾದ ಮಳೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇವೆ. ಅದನ್ನು ಮೀರಿದ ನೀರು ರಸ್ತೆಗೇ ಬರಬೇಕು. ಆ ಮಿತಿ ನಮ್ಮ ಲೆಕ್ಕದಲ್ಲೇ ಇರುತ್ತದೆ, ಅಲ್ಲಿ ಬದುಕುವ ಜನರಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ನನಗೆ ಬೇಸರವಾಗುವುದು ಅದಕ್ಕೆ.

ನೂರು ವರ್ಷಕ್ಕೊಮ್ಮೆ ಬರುವ ಮಳೆ ಅಂದ ಕೂಡಲೇ ನಮ್ಮ ಕಾಲಕ್ಕಂತೂ ಇಲ್ಲ ಎಂದು ನಿರಾಳವಾಗುತ್ತಾರೆ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ. 1. ಒಂದೇ ಮನೆಯಲ್ಲಿ 30 ವರ್ಷ ಇದ್ದರೆ, ಒಮ್ಮೆಯಾದರೂ ಅದನ್ನು ನೋಡುವ ಸಾಧ್ಯತೆ ಸುಮಾರು ಶೇ. 26. ಅದೂ ಹಳೆಯ ಮಳೆ ದಾಖಲೆಗಳನ್ನು ನಂಬಿದರೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸ್ವಲ್ಪ ಹೊತ್ತಲ್ಲೇ ಸುರಿದು ಹೋಗುವ ಮಳೆ ಇನ್ನೂ ಜೋರಾಗುತ್ತಿದೆ. ಹಳೆ ದಾಖಲೆಯನ್ನೇ ನೆಚ್ಚಿಕೊಂಡು ಮಾಡಿದ ಡಿಸೈನ್ ಮೊದಲ ದಿನದಿಂದಲೇ ಹಿಂದೆ ಬಿದ್ದಿರುತ್ತದೆ.

ಚರಂಡಿಗೆ ಎಷ್ಟು ನೀರು ಬರುತ್ತದೆ ಎಂದು ಲೆಕ್ಕ ಹಾಕಲು ನಾವು ಈಗಲೂ ಬಳಸುವ ಸರಳ ಸೂತ್ರದ ಬೇರು 1851ರಲ್ಲಿ ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ ಬರೆದ ಬರಹದಲ್ಲಿದೆ. ಜಾಗದ ವಿಸ್ತೀರ್ಣ, ಮಳೆಯ ಬಿರುಸು, ಬಿದ್ದ ನೀರಲ್ಲಿ ಹರಿದು ಬರುವ ಪಾಲು, ಈ ಮೂರನ್ನೂ ಗುಣಿಸಬೇಕು. ಒಂದು ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5 ಲಕ್ಷ ಲೀಟರ್ ನೀರು. ಹುಲ್ಲು, ಮಣ್ಣು ಇದ್ದ ಕಡೆ ಅದರಲ್ಲಿ ಐದನೇ ಒಂದು ಭಾಗ ಹರಿದು ಬಂತು ಅಂದುಕೊಳ್ಳಿ, 1 ಲಕ್ಷ ಲೀಟರ್ ಆಯಿತು. ಅದೇ ಜಾಗಕ್ಕೆ ಕಾಂಕ್ರೀಟ್ ಹಾಕಿ, ಚಾವಣಿ ಹೊದಿಸಿದರೆ ನಾಲ್ಕೂವರೆ ಲಕ್ಷ ಲೀಟರ್‌ವರೆಗೂ ಬರಬಹುದು. ಅದೂ ತುಂಬಾ ಬೇಗ, ಎಲ್ಲ ಕಡೆಯಿಂದ ಒಟ್ಟಿಗೆ. ಮಳೆ ಹೆಚ್ಚದೇ ಇದ್ದರೂ ಪ್ರವಾಹ ಹೆಚ್ಚುವುದು ಹೀಗೆ.

ಹಾಗಾದರೆ ದೊಡ್ಡ ಪೈಪೇ ಹಾಕೋಣ ಅನ್ನುತ್ತಾರೆ. ಇಳಿಜಾರು ಅಷ್ಟೇ ಇದ್ದು, 600 ಮಿಲಿಮೀಟರ್ ವ್ಯಾಸದ ಪೈಪಿನ ಬದಲು 900ರದ್ದು ಹಾಕಿದರೆ ಸುಮಾರು ಮೂರು ಪಟ್ಟು ನೀರು ಹೋಗುತ್ತದೆ, ನಿಜ. ಆದರೆ ಕೊನೆಯಲ್ಲಿ ನದಿಯದೋ ಕೆರೆಯದೋ ಮಟ್ಟ ಏರಿ ಪೈಪಿನ ಬಾಯಿ ಮುಳುಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬಾಯಿ ತೆರೆದಿದ್ದರೂ ಅಷ್ಟು ನೀರು ಒಮ್ಮೆಲೇ ಕೆಳಗಿನವರ ಮೇಲೆ ಹೋಗುತ್ತದೆ. ಅವರೂ ಜನರೇ ಅಲ್ವಾ?

ಅದಕ್ಕೇ ನಾನು ಪೈಪಿನ ಅಳತೆಗಿಂತ ಮೊದಲು ನೆಲದ ಲೆವೆಲ್ ನೋಡುತ್ತೇನೆ. ತಗ್ಗಿಗೆ ಅಡ್ಡವಾಗಿ ಕಟ್ಟಿದ ಕಾಂಪೌಂಡ್ ಗೋಡೆ, ಏರಿಸಿದ ರಸ್ತೆ, ಮುಚ್ಚಿಹೋದ ಹಳೆ ಕಾಲುವೆ, ಇವೆಲ್ಲ ನೀರಿನ ದಾರಿ ತಪ್ಪಿಸುತ್ತವೆ. ಡಾಂಬರು ಹಾಕುವುದೂ ಅಷ್ಟೇ. ಹಳೆ ಪದರ ಕೆತ್ತಿ ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ, ಕೆಲವು ಸಲಕ್ಕೇ ರಸ್ತೆ ಮನೆಗಳ ಹೊಸ್ತಿಲಿಗಿಂತ ಎತ್ತರವಾಗುತ್ತದೆ. ಆಮೇಲೆ ಚರಂಡಿ ಎಷ್ಟೇ ಚೆನ್ನಾಗಿದ್ದರೂ, ಅದು ತುಂಬಿದ ದಿನ ನೀರು ಮನೆಯೊಳಗೇ ಹೋಗುತ್ತದೆ. ಡಾಂಬರು ಹಾಕುವ ಕೆಲಸ ಬೇರೆ ವಿಭಾಗದ್ದು, ಚರಂಡಿಯವರನ್ನು ಯಾರೂ ಕೇಳುವುದಿಲ್ಲ. ಕೇಳಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ.

2011ರ ಜುಲೈ 2ರಂದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಎರಡು-ಮೂರು ಗಂಟೆಯಲ್ಲಿ 150 ಮಿಲಿಮೀಟರ್ ಹತ್ತಿರ ಮಳೆ ಸುರಿಯಿತು. ಮರುವರ್ಷ ಆ ನಗರ ತಂದ ಯೋಜನೆ ನನಗೆ ಇಷ್ಟ. ನೂರು ವರ್ಷಕ್ಕೊಮ್ಮೆಯ ಮಳೆ ಬಂದರೂ ರಸ್ತೆಯಲ್ಲಿ 10 ಸೆಂಟಿಮೀಟರ್‌ಗಿಂತ ಜಾಸ್ತಿ ನೀರು ನಿಲ್ಲಬಾರದು ಎಂದು ಗುರಿ ಇಟ್ಟರು. ನೀರೇ ಬರಬಾರದು ಅನ್ನಲಿಲ್ಲ, ಎಲ್ಲಿ ಎಷ್ಟು ಬರಬಹುದು ಅಂತ ಮೊದಲೇ ತೀರ್ಮಾನಿಸಿದರು. ಕೆಲವು ರಸ್ತೆಗಳೇ ಜೋರು ಮಳೆಯಲ್ಲಿ ಕಾಲುವೆಗಳಾಗುತ್ತವೆ. ಎಂಗ್‌ಹೇವ್ ಪಾರ್ಕ್ ಅನ್ನುವ ಹಳೆ ಉದ್ಯಾನ ಈಗ 22 ಸಾವಿರ ಘನ ಮೀಟರ್‌ಗೂ ಜಾಸ್ತಿ ನೀರು ಹಿಡಿಯುತ್ತದೆ. ಉಳಿದ ದಿನ ಮಕ್ಕಳು ಅಲ್ಲೇ ಆಡುತ್ತಾರೆ.

ನಾನು ಪ್ರತಿ ಬಡಾವಣೆ ನಕ್ಷೆಯ ಜೊತೆ ಇನ್ನೊಂದು ಹಾಳೆ ಕೇಳುತ್ತೇನೆ. ಅದರಲ್ಲಿ ಪೈಪುಗಳೆಲ್ಲ ಕಟ್ಟಿಕೊಂಡಿವೆ ಎಂದುಕೊಂಡು ನೀರಿನ ದಾರಿಯನ್ನು ಬಾಣ ಹಾಕಿ ತೋರಿಸಬೇಕು, ಅಲ್ಲಲ್ಲಿ ಆಳ ಬರೆಯಬೇಕು. ಬಿರುಸಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಬೀಳಿಸಬಲ್ಲದು, 30 ಇದ್ದರೆ ಸಣ್ಣ ಕಾರು ತೇಲಬಹುದು. ಬೇಸ್‌ಮೆಂಟ್ ರ‍್ಯಾಂಪಿನ ಬಾಯಿ ರಸ್ತೆಗಿಂತ ಎತ್ತರಕ್ಕೆ ಏರಿ ಆಮೇಲೆ ಇಳಿಯುತ್ತದೆಯೇ, ಆಸ್ಪತ್ರೆಯ ಜನರೇಟರ್, ಪಂಪಿನ ವಿದ್ಯುತ್ ಪ್ಯಾನೆಲ್ ನೀರಿಗೆ ಸಿಗದ ಎತ್ತರದಲ್ಲಿವೆಯೇ, ಅದೂ ಆ ಹಾಳೆಯಲ್ಲೇ ಗೊತ್ತಾಗಬೇಕು. ಬಾಣ ಯಾರದ್ದಾದರೂ ಬಾಗಿಲಿಗೆ ಹೋಗಿ ನಿಂತರೆ ನಕ್ಷೆಗೆ ಒಪ್ಪಿಗೆ ಕೊಡಬಾರದು. ಸೈಟುಗಳು ಮಾರಾಟವಾಗುವ ಮುಂಚೆ ರಸ್ತೆ ಸರಿಸಬಹುದು, ಪಾರ್ಕನ್ನು ತಗ್ಗಿನ ಕಡೆಗೆ ತರಬಹುದು. ಮನೆಗಳು ಎದ್ದ ಮೇಲೆ ಇದ್ಯಾವುದೂ ಆಗುವುದಿಲ್ಲ.