ತಕಾಬಿಶ ಮಾದರಿ: 121 ಡಿಗ್ರಿ ಕೊನೆಗೂ ದಾಟಿತು

ನಿನ್ನೆ ರಾತ್ರಿ 11.30ಕ್ಕೆ ನನ್ನ ಪುಟ್ಟ ರೋಲರ್ ಕೋಸ್ಟರ್‌ನ ಗಾಡಿ ನೆತ್ತಿ ದಾಟಿತು. ಟಕ್ ಅನ್ನಲಿಲ್ಲ, ನಿಲ್ಲಲಿಲ್ಲ. ಮೂತಿ ಬಗ್ಗಿಸಿತು, ನೆಟ್ಟಗಾಯಿತು, ಇನ್ನೂ ಒಳಕ್ಕೆ ತಿರುಗಿ ಸರ್ರನೆ ಇಳಿದುಬಿಟ್ಟಿತು. ಐದು ವಾರದಿಂದ ಇದಕ್ಕೇ ಕಾಯುತ್ತಿದ್ದೆ. ಮಗಳನ್ನು ಎಬ್ಬಿಸೋಣ ಅನ್ನಿಸಿತು, ಬೆಳಿಗ್ಗೆ ಶಾಲೆ ಇದೆ ಅಂತ ಬಿಟ್ಟೆ. ಮತ್ತೆ 20 ಸಲ ಬಿಟ್ಟು ನೋಡಿದೆ. 20 ಸಲವೂ ದಾಟಿತು.

ಹಿಂದಿನ ಭಾಗ ಓದದವರಿಗೆ ಎರಡು ಮಾತು. ಮಾಡುತ್ತಿರುವುದು ಜಪಾನಿನ ಫ್ಯೂಜಿ-ಕ್ಯೂ ಹೈಲ್ಯಾಂಡ್ ಪಾರ್ಕಿನ ತಕಾಬಿಶ ಅನ್ನೋ ರೋಲರ್ ಕೋಸ್ಟರ್‌ನ ಮಾದರಿ. ಅಳತೆ 1:50. ಅಸಲಿ 43 ಮೀಟರ್ ಎತ್ತರ, ನನ್ನದು 86 ಸೆಂ.ಮೀ. ಅಸಲಿ ಹಳಿ ಸುಮಾರು 1000 ಮೀಟರ್ ಉದ್ದ. ಅದನ್ನು ಪೂರ್ತಿ ಮಾಡಿದರೆ 20 ಮೀಟರ್ ಆಗುತ್ತದೆ, ನಮ್ಮ ಹಾಲ್‌ನಲ್ಲಿ ಆಗೋ ಮಾತಲ್ಲ. ಹಾಗಾಗಿ ನೆಟ್ಟಗೆ ಏರುವ ಗೋಪುರ, ನೆತ್ತಿ, ಇಳಿತ, ಕೆಳಗಿನ ತಗ್ಗು ಇಷ್ಟೇ. ನನಗೆ ಬೇಕಾಗಿದ್ದದ್ದೂ ಅಷ್ಟೇ. 2011ರ ಜುಲೈನಲ್ಲಿ ಅದು ಶುರುವಾದಾಗ ಇಡೀ ಲೋಕ ಮಾತಾಡಿದ್ದು ಆ ಇಳಿತದ ಬಗ್ಗೆ. ಹೆಸರೂ ಚೆನ್ನಾಗಿದೆ. ಜಪಾನಿನ ಚದುರಂಗ ಶೋಗಿಯಲ್ಲಿ ನಮ್ಮ ಆನೆಯಂತೆ ನಡೆಯುವ ಕಾಯಿಗೆ 'ಹಾರುವ ರಥ' ಅಂತ ಹೆಸರು. ಅದನ್ನು ಮುಂದೆ ನುಗ್ಗಿಸಿ ಎದುರಾಳಿಯನ್ನು ಹೆದರಿಸುವ ಆಟದಿಂದ ಬಂದ ಮಾತು ತಕಾಬಿಶ. ದರ್ಪ, ಗತ್ತು ಅಂತ ಅರ್ಥ.

ಬಾವಿಗೆ ಬಿಟ್ಟ ಹಗ್ಗ 90 ಡಿಗ್ರಿ. 121 ಅಂದರೆ ಅದಕ್ಕಿಂತ 31 ಡಿಗ್ರಿ ಒಳಕ್ಕೆ. ಕೋನ ಜಾಸ್ತಿ ಆದಷ್ಟೂ ಬೇಗ ಬೀಳುತ್ತದೆ ಅಂತ ಹಲವರು ಅಂದುಕೊಂಡಿರುತ್ತಾರೆ. ಹಾಗಲ್ಲ. 90ರಲ್ಲಿ ಗುರುತ್ವದ ಬಲವೆಲ್ಲ ಹಳಿಯ ಉದ್ದಕ್ಕೇ ಎಳೆಯುತ್ತದೆ. 121ರಲ್ಲಿ ಉದ್ದಕ್ಕೆ ಎಳೆಯುವುದು ಅದರ 86% ಮಾತ್ರ. ಅದರ ಜೊತೆಗೆ, ತೂಕದ ಅರ್ಧಕ್ಕಿಂತ ತುಸು ಜಾಸ್ತಿ ಬಲ ಗಾಡಿಯನ್ನು ಹಳಿಯಿಂದ ಕೀಳಲು ನೋಡುತ್ತದೆ. ನನ್ನ ಗಾಡಿ 40 ಗ್ರಾಂ. ಅದರಲ್ಲಿ 20 ಗ್ರಾಂ ಚಿಲ್ಲರೆ ಭಾರ ಹೊರುವುದು ಹಳಿಯ ಅಡಿಗೆ ಕೊಟ್ಟಿರುವ ಚಕ್ರ. ನನ್ನ ಐದು ವಾರ ತಿಂದದ್ದು ಆ ಅಡಿ ಚಕ್ರವೇ.

ಹಳಿ ಬಾಗಿಸಿದ್ದು, ಸೋಲ್ಡರ್ ಮಾಡಿದ್ದು, ಗೋಪುರ ಪ್ರಿಂಟ್ ಮಾಡಿದ್ದು ಎಲ್ಲ ಬಿಡುತ್ತೇನೆ. ನೀವೂ ಮಾಡಿರುತ್ತೀರಿ. ನೆತ್ತಿಯ ತಿರುವಿನ ತ್ರಿಜ್ಯ 60 ಮಿ.ಮೀ., ಗಾಡಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 30 ಮಿ.ಮೀ. ಈ ಎರಡು ಸಂಖ್ಯೆ ನೆನಪಿಡಿ, ಕಥೆಯೆಲ್ಲ ಇವುಗಳದ್ದೇ.

ಮೊದಲ ಗಾಡಿಯಲ್ಲಿ ಅಡಿ ಚಕ್ರವನ್ನು ಸರಿಯಾಗಿ ನಡುವೆ ಇಟ್ಟಿದ್ದೆ. ಬೇರಿಂಗ್ (ಪುಟ್ಟ ಬೇರಿಂಗ್‌ಗಳೇ ನನ್ನ ಗಾಡಿಯ ಚಕ್ರ) ಕಡಿಮೆ ಸಾಕಾಗುತ್ತದೆ ಅಂತ. ಆದರೆ 60 ಮಿ.ಮೀ. ತಿರುವಿನಲ್ಲಿ, ಎರಡು ಚಕ್ರಗಳ ನಡುವಿನ ಹಳಿ 1.9 ಮಿ.ಮೀ. ಉಬ್ಬಿಕೊಂಡು ಅಡಿ ಚಕ್ರದಿಂದ ದೂರ ಹೋಗುತ್ತದೆ. ಕೆಳಗಿನ ತಗ್ಗಿನಲ್ಲಿ ಉಲ್ಟಾ. ಅಲ್ಲಿ ತ್ರಿಜ್ಯ 250 ಮಿ.ಮೀ., ಹಳಿ 0.45 ಮಿ.ಮೀ. ಕೆಳಕ್ಕೆ ಬಾಗಿ ಅಡಿ ಚಕ್ರವನ್ನು ಒತ್ತಿಬಿಡುತ್ತದೆ. ತಗ್ಗಿನಲ್ಲಿ ಸಿಕ್ಕಿಕೊಳ್ಳಬಾರದು ಅಂತ 0.6 ಮಿ.ಮೀ. ಸಂದು ಕೊಟ್ಟೆ. ನೆತ್ತಿಯಲ್ಲಿ ಅದೇ ಸಂದು 2.5 ಮಿ.ಮೀ. ಆಯಿತು. ಗಾಡಿ ನೆಟ್ಟಗಾಗುವ ಹೊತ್ತಿಗೆ ಮೇಲಿನ ಚಕ್ರ ಹಳಿ ಬಿಟ್ಟು, ಇಡೀ ಗಾಡಿ ಟಕ್ ಅಂತ ಅಡಿ ಚಕ್ರದ ಮೇಲೆ ಬಿದ್ದು, ಓರೆಯಾಗಿ ನಿಂತುಬಿಡುತ್ತಿತ್ತು. ಹಳೇ ಮೇಜಿನ ಡ್ರಾಯರ್ ಒಂದು ಕಡೆ ಎಳೆದರೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ.

ಅಲ್ಲಿ ವೇಗವೂ ಇಲ್ಲ, ನೋಡಿ. ತಕಾಬಿಶದ ಸೊಗಸೇ ಅದು. ನೆತ್ತಿಯಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಿ, ನಿಧಾನವಾಗಿ ಅಂಚಿಗೆ ತಂದು, ಆಮೇಲೆ ಬಿಡುತ್ತಾರೆ. ವೇಗ ಇದ್ದಿದ್ದರೆ ಸಣ್ಣಪುಟ್ಟ ತಡೆಯನ್ನು ಹಾರಿಕೊಂಡು ಹೋಗುತ್ತಿತ್ತು. ನಿಧಾನಕ್ಕೆ ಬರುವ ಗಾಡಿಗೆ ಕೂದಲೆಳೆ ಅಡ್ಡ ಬಂದರೂ ಸಾಕು.

ಎರಡನೇ ಗಾಡಿಯಲ್ಲಿ ಪ್ರತಿ ಮೇಲಿನ ಚಕ್ರದ ನೇರ ಕೆಳಗೆ ಒಂದು ಅಡಿ ಚಕ್ರ ಇಟ್ಟೆ. ನಾಲ್ಕು ಮೂಲೆಗೆ ಮೇಲೆ, ಪಕ್ಕಕ್ಕೆ, ಅಡಿಗೆ ಅಂತ ಮೂರು ಮೂರರಂತೆ ಒಟ್ಟು 12 ಬೇರಿಂಗ್. ಸಂದು 0.1 ಮಿ.ಮೀ. ನೇರ ಹಳಿಯಲ್ಲಿ ಬೆಣ್ಣೆಯ ಹಾಗೆ ಓಡಿತು. ನೆತ್ತಿಗೆ ಬಂದ ಕೂಡಲೇ ಭದ್ರವಾಗಿ ಕಚ್ಚಿಕೊಂಡಿತು. ಯಾಕೆ ಅಂತ ಎರಡು ದಿನ ಹೊಳೆಯಲಿಲ್ಲ. ಮಗಳು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಕೊಟ್ಟಳು. "ಅಪ್ಪಾ, ಚಕ್ರ ಹಳಿ ಮೇಲೆ ನೆಟ್ಟಗೆ ನಿಂತೇ ಇಲ್ಲ, ಸೊಟ್ಟಗಿದೆ" ಅಂದಳು. ಅವಳು ಹೇಳಿದ್ದೇ ಸರಿ. ಗಾಡಿ ತಿರುವಿನ ಮೇಲೆ ಕೂತಾಗ ಮೂಲೆಯ ಚಕ್ರಗಳು ಹಳಿಗೆ 14 ಡಿಗ್ರಿ ಓರೆಯಾಗುತ್ತವೆ. 4 ಮಿ.ಮೀ. ಬೇರಿಂಗ್, 3 ಮಿ.ಮೀ. ಹಳಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಅಷ್ಟು ಓರೆಗೆ 0.22 ಮಿ.ಮೀ. ಸಂದು ಬೇಕು. ನನ್ನ ಹತ್ತಿರ ಇದ್ದದ್ದು 0.1.

ಸಂದನ್ನು 0.3ಕ್ಕೆ ಏರಿಸಿದೆ. 10 ಸಲ ಬಿಟ್ಟರೆ 6 ಸಲ ದಾಟಿತು. ಉಳಿದ 4 ಸಲ ಮತ್ತೆ ಅದೇ ಡ್ರಾಯರ್ ಕಥೆ.

ಈ ನಡುವೆ ಹಳಿಗೆ ಬಳಸುವ ಹಿತ್ತಾಳೆ ಕಡ್ಡಿಯ ಸಂಕಟ. ಆನ್‌ಲೈನ್‌ನಲ್ಲಿ 3 ಮಿ.ಮೀ. ಅಂತ ತರಿಸಿದ ಕಡ್ಡಿಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದೆ. ಒಂದು 2.92, ಇನ್ನೊಂದು 3.06. ಒಂದೇ ಕಟ್ಟಿನಲ್ಲಿ! ಫೋನ್ ಮಾಡಿದರೆ "ಅಷ್ಟು ಹೆಚ್ಚುಕಮ್ಮಿ ಇರುತ್ತೆ ಸಾರ್" ಅಂದರು. ಪರದೆ ನೇತುಹಾಕಲು ಆದರೆ ಇರಲಿ, ನಮ್ಮಂಥವರಿಗೆ ಮಾರುವಾಗ 3 ಅಂದರೆ 3 ಇರಬೇಕು ಅಲ್ವಾ? ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಕಡ್ಡಿ ಅಳೆದು ಆರಿಸಿ ತಂದೆ. ಅಂಗಡಿಯ ಹುಡುಗ ಬೇಸರ ಮಾಡಿಕೊಳ್ಳದೆ ಇಡೀ ಕಟ್ಟು ಬಿಚ್ಚಿಕೊಟ್ಟ. ಅವನಿಗೆ ಒಳ್ಳೆಯದಾಗಲಿ.

ದಾರಿ ತೋರಿಸಿದವರು ಪೀಣ್ಯದ ಒಬ್ಬ ಲೇತ್ ಯಜಮಾನರು. ಗಾಡಿಯ ಅಚ್ಚು ಸರಿಮಾಡಿಸಲು ಹೋಗಿದ್ದೆ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬೋಗಿ ತಿರುಗಲ್ವಾ ಇದಕ್ಕೆ?" ಅಂದರು. ನಾವು ರೈಲಿನ ಇಡೀ ಡಬ್ಬಿಗೆ ಬೋಗಿ ಅನ್ನುತ್ತೇವೆ. ಅವರು ಹೇಳಿದ್ದು ಡಬ್ಬಿಯ ಕೆಳಗೆ ಚಕ್ರ ಹಿಡಿದಿರುವ ಚೌಕಟ್ಟು. ಅದು ತಿರುಗುವುದರಿಂದಲೇ ರೈಲು ತಿರುವಿನಲ್ಲಿ ಕಚ್ಚಿಕೊಳ್ಳುವುದಿಲ್ಲ. ಅಸಲಿ ಸ್ಟೀಲ್ ಕೋಸ್ಟರ್‌ಗಳಲ್ಲೂ ಮೇಲಿನ, ಪಕ್ಕದ, ಅಡಿ ಚಕ್ರ ಮೂರೂ ಒಂದೇ ಚೌಕಟ್ಟಿನಲ್ಲಿದ್ದು, ಆ ಚೌಕಟ್ಟು ಹಳಿಯ ಜೊತೆಗೇ ವಾಲುತ್ತದೆ. ಇಷ್ಟು ಚಿಕ್ಕ ಗಾಡಿಗೆ ಅದು ಬೇಡ ಅಂತ ಬಿಟ್ಟಿದ್ದೆ. ಅಳತೆ ಕುಗ್ಗಿದರೂ ಕೋನ ಕುಗ್ಗುವುದಿಲ್ಲ. 14 ಡಿಗ್ರಿ ಯಾವ ಅಳತೆಯಲ್ಲೂ 14 ಡಿಗ್ರಿಯೇ.

ಅವರೇ 1.5 ಮಿ.ಮೀ. ಸ್ಟೀಲ್ ಪಿನ್ ಹಾಕಿ ನಾಲ್ಕು ಪುಟಾಣಿ ಹಿತ್ತಾಳೆ ಚೌಕಟ್ಟು ಮಾಡಿಕೊಟ್ಟರು. ಒಂದೊಂದೂ ಕಡಲೆಕಾಯಿಯಷ್ಟು ದೊಡ್ಡದು. ಪಿನ್ ಇರುವುದು ಮೇಲಿನ ಮತ್ತು ಅಡಿ ಚಕ್ರಗಳ ನಡುವೆ, ಹಳಿಯ ಮಟ್ಟದಲ್ಲೇ. ಈಗ ಸಂದು 0.05 ಮಿ.ಮೀ., ಆರಿಸಿ ತಂದ ಕಡ್ಡಿ ಇರುವುದರಿಂದ ಅಷ್ಟು ಸಾಕು. ತಿರುವು ಬಂದಾಗ ಚೌಕಟ್ಟು ತಾನೇ ವಾಲುತ್ತದೆ. ನೆಟ್ಟಗಾಗುವ ಕ್ಷಣದಲ್ಲಿ ಭಾರ ಮೇಲಿನ ಚಕ್ರದಿಂದ ಅಡಿ ಚಕ್ರಕ್ಕೆ ಹೋದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಇಳಿಯುವಾಗಿನ ಆ ಸದ್ದನ್ನು ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತದೆ, ಹೊಲಿಗೆ ಮಿಷನ್‌ನಲ್ಲಿ ದಾರ ಓಡಿದ ಹಾಗಿದೆ.

ತಗ್ಗಿನಲ್ಲಿ ಸೆನ್ಸರ್ ಇಟ್ಟು ವೇಗ ಅಳೆದೆ. ಮೊದಲು ಸೆಕೆಂಡಿಗೆ 2.9 ಮೀಟರ್. ಬೇರಿಂಗ್ ಒಳಗೆ ಗ್ರೀಸ್ ಗಟ್ಟಿಯಾಗಿ ತುಂಬಿತ್ತು. ಪೆಟ್ರೋಲಿನಲ್ಲಿ ತೊಳೆದು, ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಬಿಟ್ಟ ಮೇಲೆ 3.4. ಅಸಲಿಗೆ ಹೋಲಿಸಲು ಈ ಅಳತೆಯಲ್ಲಿ ವೇಗವನ್ನು 50ರ ವರ್ಗಮೂಲದಿಂದ, ಅಂದರೆ 7.07ರಿಂದ ಗುಣಿಸಬೇಕು. ಆಗ ಗಂಟೆಗೆ 86 ಕಿ.ಮೀ. ಚಿಲ್ಲರೆ ಬರುತ್ತದೆ. ಅಸಲಿಯದು 100. ಉಜ್ಜಾಟ ಒಂದಿಷ್ಟೂ ಇಲ್ಲದಿದ್ದರೆ 86 ಸೆಂ.ಮೀ. ಇಳಿತಕ್ಕೆ ನನ್ನ ಗಾಡಿಗೆ ಸೆಕೆಂಡಿಗೆ 4.1 ಮೀಟರ್ ಬರಬೇಕು. ಇನ್ನೂ ಸ್ವಲ್ಪ ಹಿಂಡಬಹುದು.

ಅಂದಹಾಗೆ, 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶೆಲ್‌ರೈಸರ್ ಅನ್ನೋ ಕೋಸ್ಟರ್ 121.5 ಡಿಗ್ರಿ ಮಾಡಿ ತಕಾಬಿಶದ ದಾಖಲೆ ಮುರಿಯಿತು. ಅರ್ಧ ಡಿಗ್ರಿ! ನನ್ನ ಹಳಿಯ 10 ಸೆಂ.ಮೀ. ಉದ್ದದಲ್ಲಿ ಅದು 1 ಮಿ.ಮೀ.ಗೂ ಕಡಿಮೆ. ನನ್ನ ಗೋಪುರ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಅದಕ್ಕಿಂತ ಜಾಸ್ತಿ ಅಲುಗುತ್ತದೆ. ನನಗೆ ತಕಾಬಿಶವೇ ಇಷ್ಟ. ಅದು ಒಮ್ಮೆಗೇ 121ಕ್ಕೆ ಹೋದದ್ದು ನಿಜವಾದ ಧೈರ್ಯ. 2003ರಲ್ಲಿ ಡೆನ್ಮಾರ್ಕ್‌ನ ಬಾನ್‌ಬಾನ್-ಲ್ಯಾಂಡ್ ಪಾರ್ಕಿನಲ್ಲಿ, ತಕಾಬಿಶ ಮಾಡಿದ ಗೆರ್ಸ್ಟ್‌ಲಾವರ್ ಕಂಪನಿಯವರ 'ಯೂರೋ-ಫೈಟರ್' ಬಗೆಯ ಮೊದಲ ಕೋಸ್ಟರ್ ಬಂದಾಗ ಕೋನ 97 ಮಾತ್ರ ಇತ್ತು.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ. ಅಮೆರಿಕದ ಯೂಟಾದಲ್ಲಿ ಲಗೂನ್ ಅಂತ ಒಂದು ಪಾರ್ಕ್ ಇದೆ. ಅವರ ಕ್ಯಾನಿಬಲ್ 2015ರದ್ದು, 116 ಡಿಗ್ರಿ. ಅಲ್ಲಿ ಗಾಡಿ ಚೈನಿನಲ್ಲಿ ಏರುವುದಿಲ್ಲ, ಮುಚ್ಚಿದ ಗೋಪುರದ ಒಳಗೆ ಲಿಫ್ಟಿನಲ್ಲಿ ಹೋಗುತ್ತದೆ. ಆ ಪಾರ್ಕಿನವರೇ ಮುಂದೆ ನಿಂತು ವಿನ್ಯಾಸ ಮಾಡಿ ಕಟ್ಟಿದ್ದು ಅನ್ನುವುದು ನನಗೆ ತುಂಬಾ ಹಿಡಿಸಿತು. 208 ಅಡಿ ಎತ್ತರ, 1:50ಕ್ಕೆ ಸುಮಾರು 127 ಸೆಂ.ಮೀ. ಲಿಫ್ಟಿನಿಂದ ಹಳಿಗೆ ಗಾಡಿ ದಾಟುವ ಕಡೆ ಎರಡು ಹಳಿಗಳು ಎದುರುಬದುರಾಗಿ ಸರಿಯಾಗಿ ಕೂರಬೇಕು. ಅಲ್ಲಿ ಎಷ್ಟು ಸಂದು ಬಿಡಬಹುದು? ಹಳೇ ಡಿವಿಡಿ ಡ್ರೈವ್‌ಗಳ ಸ್ಟೆಪ್ಪರ್ ಮೋಟಾರ್ ಸಾಕಾ? ಯಾರಾದರೂ ಪುಟ್ಟ ಲಿಫ್ಟ್ ಮಾಡಿದ್ದರೆ ದಯವಿಟ್ಟು ಹೇಳಿ.

ಅದಕ್ಕೆ ಮೊದಲು ಇಲ್ಲಿ ಒಂದು ಕೆಲಸ ಬಾಕಿ. ಎಡಗಡೆಯ ಹಿಂದಿನ ಚೌಕಟ್ಟಿನ ಪಿನ್ ಸ್ವಲ್ಪ ಸಡಿಲ ಅನ್ನಿಸುತ್ತಿದೆ. ಶನಿವಾರ ಮತ್ತೆ ಪೀಣ್ಯಕ್ಕೆ ಹೋಗುತ್ತೇನೆ. ಈ ಸಲ ಮಗಳನ್ನೂ, ಓಡುವ ಗಾಡಿಯ ವಿಡಿಯೋವನ್ನೂ ಕರೆದುಕೊಂಡು ಹೋಗಿ ಯಜಮಾನರಿಗೆ ತೋರಿಸಬೇಕು.